ದಕ್ಕೆ, ರೇವು, ಹಡಗುಕಟ್ಟೆ: ನೌಕಾ ಬಂದರಿನ ಮಾದರಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮುಖ್ಯ ಪ್ರಶ್ನೆ ಮೊದಲೇ ಕೇಳಿಬಿಡುತ್ತೇನೆ. ಹಡಗು ಬಂದು ತಾಗಿ ನಿಲ್ಲುವ, ಹಗ್ಗ ಬಿಗಿಯುವ, ಸರಕು ಇಳಿಸುವ ಕಲ್ಲಿನ ಕಟ್ಟಡ ಇರುತ್ತದಲ್ಲ, ಅದಕ್ಕೆ ‘ದಕ್ಕೆ’ ಅಂತ ಬರೆದರೆ ಕರಾವಳಿಯವರಿಗೆ ಸರಿ ಅನಿಸುತ್ತದೆಯೇ? ಅಥವಾ ನಿಮ್ಮ ಕಡೆ ದಕ್ಕೆ ಅಂದರೆ ಮೀನು ಹರಾಜಾಗುವ ಜಾಗ, ಮಂಜುಗಡ್ಡೆ ಅಂಗಡಿ, ಬೋಟುಗಳ ಸಾಲು ಎಲ್ಲ ಸೇರಿದ ಇಡೀ ಪ್ರದೇಶವೇ?

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ನಾನಿರುವುದು ಮಡಿಕೇರಿಯಲ್ಲಿ. 1960ರ ದಶಕದ ಶುರುವಿನ ಮುಂಬೈ ನೌಕಾ ಬಂದರಿನ ಪುಟ್ಟ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ಅಳತೆ 1:700. ಮುಗಿದ ಮೇಲೆ ಅದು ಇಲ್ಲಿನ ಒಂದು ಶಾಲೆಗೆ ಹೋಗುತ್ತದೆ. ಒಂದೊಂದು ಭಾಗದ ಪಕ್ಕದಲ್ಲೂ ಮಕ್ಕಳು ಓದುವಂಥ ಕನ್ನಡದ ಚೀಟಿ ಇರಬೇಕು ಅನ್ನುವುದು ನನ್ನ ಹಟ. ಕಾರ್ಯಪ್ಪ, ತಿಮ್ಮಯ್ಯನವರ ನಾಡಲ್ವಾ, ಭೂಸೇನೆಯ ಮಾತು ಇಲ್ಲಿ ಮನೆಮನೆಯಲ್ಲಿದೆ. ಹಡಗಿನ ಮಾತು ಹಾಗಿಲ್ಲ. ಸಮುದ್ರ ನೋಡಬೇಕೆಂದರೆ ಸಂಪಾಜೆ ಘಾಟಿ ಇಳಿದು ಮಂಗಳೂರಿನ ತನಕ ಹೋಗಬೇಕು. ಹಾಗಾಗಿ ಚೀಟಿಯಲ್ಲಿ ನಾನು ಏನು ಬರೆಯುತ್ತೇನೋ ಅದೇ ಎಷ್ಟೋ ಮಕ್ಕಳು ಬಂದರಿನ ಬಗ್ಗೆ ಕಲಿಯುವ ಮೊದಲ ಪದ ಆಗುತ್ತದೆ. ಹಡಗಿನ ತೋಪು (ಫಿರಂಗಿ) ಎಷ್ಟಿತ್ತೋ ಅಷ್ಟೇ ಇಡುವಷ್ಟು ಎಚ್ಚರ ಪದಕ್ಕೂ ಬೇಕು.

ಈಗ ಪದಗಳಿಗೆ ಬರೋಣ.

‘ಬಂದರು’ ಪಾರಸಿಯಿಂದ ಬಂದದ್ದು. ನೀರು, ದಡ, ಗೋದಾಮು ಎಲ್ಲ ಸೇರಿ ಬಂದರು. ಮಂಗಳೂರಿನಲ್ಲಂತೂ ಹಳೆ ಬಂದರಿನ ಸುತ್ತಲಿನ ವ್ಯಾಪಾರದ ಬೀದಿಗಳಿಗೂ ಬಂದರು ಎಂದೇ ಹೆಸರು. ‘ರೇವು’ ಶಾಲೆಯ ಪುಸ್ತಕದ ‘ರೇವುಪಟ್ಟಣ’ದಲ್ಲಿ ಉಳಿದುಕೊಂಡಿದೆ. ದೋಣಿ ಹತ್ತಿ ಇಳಿಯುವ ಜಾಗ ಎಂಬ ಅರ್ಥ ಅದರಲ್ಲಿ ಇನ್ನೂ ಇದೆ. ಆದರೆ ರೇವಿಗೆ ಕಟ್ಟಡ ಬೇಕೆಂದೇನಿಲ್ಲ, ಮರಳಿನ ದಡವೂ ರೇವೇ. ಹೊಳೆ ದಾಟುವ ಕಡವಿಗೂ ಅಷ್ಟೇ. ನನ್ನ ಮಾದರಿಯಲ್ಲಿರುವುದು ಯುದ್ಧನೌಕೆ ಬಂದು ತಾಗುವ ನೇರವಾದ ಕಲ್ಲುಗೋಡೆ. ಅದಕ್ಕೆ ರೇವು ಎಂದರೆ ತೀರಾ ಮೆತ್ತಗಾಯಿತು ಅನಿಸುತ್ತದೆ.

ದಕ್ಕೆಯ ಮೇಲೆ ಮನಸ್ಸು ನಿಂತಿರುವುದಕ್ಕೆ ಇನ್ನೊಂದು ಕಾರಣ ಮುಂಬೈಯಲ್ಲೇ ಇದೆ. ಅಲ್ಲಿ ‘ಭಾವೂಚಾ ಧಕ್ಕಾ’ ಎಂಬ ಹೆಸರಾಂತ ಜಾಗವಿದೆ. ಅಲ್ಲಿಂದ ಲಾಂಚುಗಳು ಹೊರಡುತ್ತವೆ, ಮೀನಿನ ವ್ಯಾಪಾರವೂ ಜೋರು. ಮರಾಠಿಯ ಧಕ್ಕಾ, ಮಂಗಳೂರಿನ ದಕ್ಕೆ, ಎರಡೂ ಒಂದೇ ಪದ ಎನ್ನಲು ಹೆಚ್ಚು ಯೋಚನೆ ಬೇಡ. ಮುಂಬೈ ಬಂದರಿನ ಮಾದರಿಗೆ ಕನ್ನಡದ ಚೀಟಿ ಬರೆಯುವಾಗ ಎರಡೂ ಊರಿನವರ ಬಾಯಲ್ಲಿರುವ ಪದಕ್ಕಿಂತ ಒಳ್ಳೆಯದು ಯಾವುದಿದೆ? ‘ಜೆಟ್ಟಿ’ ಎಲ್ಲರಿಗೂ ತಿಳಿಯುತ್ತದೆ, ನಿಜ. ಆದರೆ ಜೆಟ್ಟಿ ಅಂದರೆ ದಡದಿಂದ ನೀರಿನೊಳಕ್ಕೆ ಚಾಚಿಕೊಂಡದ್ದು. ದಡದ ಉದ್ದಕ್ಕೂ ಇರುವ ಗೋಡೆ ಬೇರೆ. ಮಾದರಿಯಲ್ಲಿ ಎರಡೂ ಇರುವುದರಿಂದ ಎರಡಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು.

ತೊಡಕು ಕಾಗುಣಿತದ್ದು. ಪತ್ರಿಕೆಗಳಲ್ಲಿ ದಕ್ಕೆ, ಧಕ್ಕೆ ಎರಡೂ ಕಾಣುತ್ತವೆ. ‘ನೌಕಾ ಧಕ್ಕೆ’ ಎಂದು ಬರೆದರೆ ಘಟ್ಟದ ಮೇಲಿನವರು ನೌಕೆಗೆ ಏನೋ ಪೆಟ್ಟಾಗಿದೆ ಎಂದೇ ಓದುತ್ತಾರೆ. ಮಾನಕ್ಕೆ ಧಕ್ಕೆ, ಗೌರವಕ್ಕೆ ಧಕ್ಕೆ ಎಂದು ದಿನಾ ಓದುವ ಕಣ್ಣು ನಮ್ಮದು. ಮಹಾಪ್ರಾಣ ಬಿಟ್ಟು ‘ದಕ್ಕೆ’ ಎಂದೇ ಬರೆಯುವುದು ನನಗೆ ಸರಿ ಕಾಣುತ್ತದೆ. ಮಂಗಳೂರು, ಮಲ್ಪೆ, ಕಾರವಾರದವರು ಹೇಗೆ ಬರೆಯುತ್ತೀರಿ, ಹೇಗೆ ಉಚ್ಚರಿಸುತ್ತೀರಿ ತಿಳಿಸಿ. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟ್ಟೆಲರ ನಿಘಂಟು ಕೈಗೆ ಹತ್ತಿರ ಇರುವವರು ಎರಡೂ ಕಾಗುಣಿತದಲ್ಲಿ ಹುಡುಕಿ ನೋಡಿದರೆ ದೊಡ್ಡ ಉಪಕಾರ.

ಇದಕ್ಕಿಂತ ಕಷ್ಟದ್ದು ಹಡಗುಕಟ್ಟೆ. ಮುಂಬೈಯ ನೌಕಾ ಅಂಗಳ, ಅಂದರೆ ಹಡಗು ಕಟ್ಟುವ, ರಿಪೇರಿ ಮಾಡುವ ಜಾಗ, ಹಳೆಯದು. 1735ರಲ್ಲಿ ಹಡಗು ಕಟ್ಟುವ ಲವಜಿ ನಸರವಾನಜಿ ವಾಡಿಯಾ ಸೂರತ್ತಿನಿಂದ ಬಂದು ಅಲ್ಲಿ ಕೆಲಸ ಶುರುಮಾಡಿದರು. 1750ರಲ್ಲಿ ಅಲ್ಲೊಂದು ಡ್ರೈ ಡಾಕ್ ಆಯಿತು. ಆಮೇಲೆ 1810ರ ಹೊತ್ತಿಗೆ ಡಂಕನ್ ಡಾಕ್ ಮುಗಿಯಿತು. ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಎಂಬ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಇಂಥ ಡ್ರೈ ಡಾಕ್ ಅಂದರೆ ನೆಲದಲ್ಲಿ ಅಗೆದ ಉದ್ದನೆಯ ಗುಂಡಿ. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಲುಗೋಡೆ. ಸಮುದ್ರದ ಕಡೆ ಒಂದು ಬಾಗಿಲು. ಹಡಗು ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರು ಖಾಲಿ ಮಾಡುತ್ತಾರೆ, ತಳ ರಿಪೇರಿ ಮಾಡುತ್ತಾರೆ. ನಮ್ಮೂರಿನ ಮಕ್ಕಳಿಗೆ ತಿಳಿಸಬೇಕಾದರೆ ನಾನು ಓಂಕಾರೇಶ್ವರ ದೇವಸ್ಥಾನದ ಕೊಳವನ್ನೇ ತೋರಿಸುತ್ತೇನೆ. ಅದಕ್ಕೆ ಒಂದು ಕಡೆ ಬಾಗಿಲು ಇಟ್ಟು ನೀರು ಬಸಿದರೆ ಡ್ರೈ ಡಾಕ್ ಆಯಿತು.

ಇದಕ್ಕೆ ‘ಹಡಗುಕಟ್ಟೆ’ ಅನ್ನುವ ಪದ ಪತ್ರಿಕೆಗಳಲ್ಲಿದೆ. ಆದರೆ ಕಟ್ಟೆ ಎಂದ ಕೂಡಲೇ ಕೊಡಗಿನಲ್ಲಾಗಲಿ ಮೈಸೂರಿನಲ್ಲಾಗಲಿ ಕಣ್ಣಿಗೆ ಬರುವುದು ಎತ್ತರದ್ದು. ಅಶ್ವತ್ಥಕಟ್ಟೆ, ಹರಟೆಕಟ್ಟೆ. ಇಲ್ಲಿರುವುದು ಆಳದ್ದು. ಮುಂಬೈಯಲ್ಲಿ ಹಡಗಿನ ಕೆಲಸದ ಜಾಗಕ್ಕೆ ‘ಗೋದಿ’ ಎನ್ನುತ್ತಾರೆ. ಆ ಊರಿನಲ್ಲಿ ದುಡಿದು ಬಂದ ಕರಾವಳಿಯ ಕುಟುಂಬಗಳು ಸಾಕಷ್ಟಿವೆ. ನಿಮ್ಮ ಮನೆಯ ಹಿರಿಯರು ಕನ್ನಡ ಅಥವಾ ತುಳು ಮಾತಾಡುವಾಗ ಗೋದಿ ಎನ್ನುತ್ತಿದ್ದರೇ, ಡಾಕ್ ಎನ್ನುತ್ತಿದ್ದರೇ? ‘ಗೋದಿ’ ಎಂದರೆ ನಮ್ಮಲ್ಲಿ ಚಪಾತಿ ಹಿಟ್ಟಿನ ಕಾಳು, ಆ ಗೊಂದಲ ಇದ್ದೇ ಇದೆ. ಆದರೂ ಯಾರಾದರೂ ನಿಜವಾಗಿ ಬಳಸಿದ್ದರೆ ಚೀಟಿಯಲ್ಲಿ ‘ಒಣಗೋದಿ’ ಎಂದು ಬರೆಯಲು ನಾನು ತಯಾರು.

ಇಲ್ಲಿ ನನಗೆ ಹೊಳೆದ ಒಂದು ವಿಷಯ ಹೇಳುತ್ತೇನೆ, ಬಲ್ಲವರು ತೂಗಿ ನೋಡಿ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ನೀರು 4 ಮೀಟರಿಗೂ ಜಾಸ್ತಿ ಏರಿಳಿಯುತ್ತದೆ. ಡ್ರೈ ಡಾಕಿನಂತೆ ನೀರು ಖಾಲಿ ಮಾಡದೆ, ಬಾಗಿಲು ಹಾಕಿ ಒಳಗಿನ ನೀರು ಇಳಿಯದಂತೆ ಹಿಡಿದಿಡುವ ದೊಡ್ಡ ಡಾಕುಗಳು ಅಲ್ಲಿ ಹುಟ್ಟಿದ್ದು ಅದಕ್ಕೇ. ನಮ್ಮ ಕರಾವಳಿಯಲ್ಲಿ ಅಷ್ಟು ಏರಿಳಿತವಿಲ್ಲ. ನಮ್ಮ ಹಳೆ ಬಂದರುಗಳೆಲ್ಲ ಹೆಚ್ಚಾಗಿ ಹೊಳೆ ಕಡಲಿಗೆ ಸೇರುವ ಕಡೆಯವು. ಹಾಗಾಗಿ ಕನ್ನಡದಲ್ಲಿ ‘ಅಳಿವೆ’ಯಂಥ ಚೆಂದದ ಪದ ಇದೆ, ಬಾಗಿಲಿರುವ ಡಾಕಿಗೆ ಇಲ್ಲ. ಇಲ್ಲದ ಕಡೆ ಸಂಸ್ಕೃತದಿಂದ ಪದ ಟಂಕಿಸುವುದಕ್ಕಿಂತ, ಆ ವಸ್ತು ಇರುವ ಊರಿನ ಕೆಲಸಗಾರರ ಪದವನ್ನೇ ತರುವುದು ಮೇಲು ಎಂಬುದು ನನ್ನ ನಿಲುವು. ದಕ್ಕೆ ನಮ್ಮಲ್ಲಿಗೆ ಬಂದು ನೆಲೆಸಿದ್ದೂ ಹಾಗೇ ಅಲ್ವಾ?

ಇದೇ ಏರಿಳಿತದಿಂದ ಇನ್ನೊಂದು ಪದ ಬೇಕಾಗಿದೆ. ದಕ್ಕೆಯ ಗೋಡೆಯಲ್ಲಿ ನೀರು ಏರುವ ಮಟ್ಟದ ಕೆಳಗೆ ಪಾಚಿ ಹಿಡಿದು ಕಪ್ಪಾದ ಪಟ್ಟಿ ಇರುತ್ತದೆ. ನನ್ನ ಅಳತೆಯಲ್ಲಿ ಅದು ಬರೀ 6 ಮಿಲಿಮೀಟರು. ಆದರೆ ಅದಿಲ್ಲದಿದ್ದರೆ ಗೋಡೆ ಈಜುಕೊಳದ ಗೋಡೆಯಂತೆ ಕಾಣುತ್ತದೆ. ಉಬ್ಬರ, ಇಳಿತ, ಭರತ ಗೊತ್ತು. ಆ ಪಟ್ಟಿಗೆ ಮೀನುಗಾರರು ಏನೆನ್ನುತ್ತಾರೆ?

ಹಡಗಿನ ಮೇಲಿನ ಪದಗಳು ಎರಡೇ ಕೇಳುತ್ತೇನೆ. ಮಾದರಿಯ ನಡುವೆ ನಿಲ್ಲುವುದು ಐಎನ್‌ಎಸ್ ಮೈಸೂರು. 1939ರಲ್ಲಿ ನೈಜೀರಿಯಾ ಎಂಬ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ನೀರಿಗಿಳಿದು, 1957ರಲ್ಲಿ ನಮ್ಮ ನೌಕಾಪಡೆಗೆ ಬಂದ ಕ್ರೂಸರ್. 169 ಮೀಟರಿನ ಹಡಗು ನನ್ನ ಮೇಜಿನ ಮೇಲೆ 24 ಸೆಂಟಿಮೀಟರ್. ಆ ಜಾತಿಯ ಹಡಗಿನ ಕಿಟ್ ಕೊಂಡರೆ ಮೂರು ಮೂರು ತೋಪಿನ ನಾಲ್ಕು ಗೂಡು ಕೊಡುತ್ತಾರೆ. ಮೈಸೂರಿನಲ್ಲಿ ಇದ್ದದ್ದು ಮೂರೇ ಗೂಡು, 6 ಇಂಚಿನ ಒಂಬತ್ತು ತೋಪು. ಹಿಂಭಾಗದ ಒಂದನ್ನು ತೆಗೆದಿದ್ದರು. ಈ ಸುತ್ತ ತಿರುಗುವ ಉಕ್ಕಿನ ಗೂಡಿಗೆ ಏನೆನ್ನಬೇಕು? ಗೋಪುರ ಎಂದರೆ ದೇವಸ್ಥಾನ, ಬುರುಜು ಎಂದರೆ ನಮ್ಮ ಕೋಟೆಯ ಗೋಡೆಗೆ ಸೇರಿದ್ದು, ಅದು ತಿರುಗುವುದಿಲ್ಲ. ನಾನು ‘ತೋಪಿನ ತಿರುಗುಗೂಡು’ ಎಂದು ಬರೆದುಕೊಂಡಿದ್ದೇನೆ. ‘ಕೋವಿ’ ಎನ್ನುವ ಹಾಗಿಲ್ಲ, ಕೊಡಗಿನಲ್ಲಿ ಕೋವಿ ಹೆಗಲ ಮೇಲಿನದು.

ಎರಡನೆಯದು ಪಟ ಕಟ್ಟುವ ಕಂಬ. ಹಾಯಿಹಡಗಿಗೆ ‘ಕೂವೆಮರ’ ಎಂಬ ಹಳೆಯ ಪದವಿದೆ. ಭಾರತಕ್ಕೆ ಕೊಡುವ ಮೊದಲು ಮೈಸೂರಿಗೆ ಉಕ್ಕಿನ ಜಾಲರಿಯಂಥ ಕಂಬ ಹಾಕಿದ್ದರು. ಅದರಲ್ಲಿ ಮರವೂ ಇಲ್ಲ, ಹಾಯಿಯೂ ಇಲ್ಲ. ಬರೀ ‘ಕೂವೆ’ ಎಂದರೆ ಸಾಕೇ? ಮಂಗಳೂರಿನ ಮಂಜಿಗಳಲ್ಲಿ (ಸರಕು ಸಾಗಿಸುವ ದೊಡ್ಡ ದೋಣಿಗಳಲ್ಲಿ) ಕೆಲಸ ಮಾಡುವವರು ಈಗಲೂ ಆ ಪದ ಆಡುತ್ತಾರೆಯೇ?

ಇನ್ನು ಇಡೀ ಕೃತಿಗೇ ಒಂದು ಹೆಸರು. ಇಂಥ ಪುಟ್ಟ ದೃಶ್ಯದ ಮಾದರಿಗೆ ಇಂಗ್ಲಿಷಿನ ‘ಡಯೋರಾಮಾ’ ಎಂದು ಬಿಡಬಹುದು. ಆದರೆ ಮಡಿಕೇರಿಯಲ್ಲಿ ಕೂತು ಹಾಗೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. ದಸರಾದಲ್ಲಿ ವಿಜಯದಶಮಿಯ ರಾತ್ರಿ ಇಲ್ಲಿ ಹತ್ತು ದೇವಸ್ಥಾನಗಳ ಮಂಟಪ ಹೊರಡುತ್ತವೆ. ಒಂದೊಂದರಲ್ಲೂ ಪುರಾಣದ ಒಂದು ಪ್ರಸಂಗ, ಕೈಕಾಲು ಆಡಿಸುವ ದೊಡ್ಡ ದೊಡ್ಡ ಬೊಂಬೆಗಳು, ಬೆಳಕು, ಹೊಗೆ. ಕಥೆಯ ಒಂದು ಗಳಿಗೆಯನ್ನು ಬೊಂಬೆ ನಿಲ್ಲಿಸಿ ತೋರಿಸುವ ಕಲೆಯಲ್ಲಿ ನಮ್ಮ ಊರಿನ ಹುಡುಗರಿಗೆ ಸಾಟಿಯಿಲ್ಲ. ಅಲ್ಲಿಂದಲೇ ‘ಕಿರುಮಂಟಪ’ ಎಂದು ತಂದರೆ ಹೇಗೆ? ಮಂಟಪದಲ್ಲಿ ದೇವರು ಇರಬೇಕು, ಯುದ್ಧನೌಕೆಗೆ ಆ ಪದ ಬೇಡ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ‘ದೃಶ್ಯಮಾದರಿ’ ಎಂಬ ಸಲಹೆಯೂ ಬಂತು. ಅದು ಸರ್ಕಾರಿ ಫಲಕದಂತೆ ಕೇಳುತ್ತದೆ.

ಉತ್ತರಿಸುವಾಗ ಎರಡು ವಿಷಯ ಸೇರಿಸಿ ಬರೆಯಿರಿ: ಆ ಪದ ಯಾವ ಊರಿನದು, ಯಾರ ಬಾಯಿಂದ ಕೇಳಿದ್ದು. ನಿಘಂಟಿನ ಅರ್ಥಕ್ಕಿಂತ ಬೋಟಿನವರು, ಹಮಾಲಿ ಮಾಡುವವರು, ನೌಕಾಪಡೆಯಲ್ಲಿದ್ದು ನಿವೃತ್ತರಾದವರು ಆಡುವ ಮಾತು ನನಗೆ ಹೆಚ್ಚು ಬೇಕು. ತುಳು, ಕೊಂಕಣಿ, ಬ್ಯಾರಿ ಪದಗಳಾದರೂ ಆಗಬಹುದು, ಕನ್ನಡ ಮಾತಾಡುವಾಗ ಅವು ಬಳಕೆಯಲ್ಲಿದ್ದರೆ ಸಾಕು. ಮಳೆ ನಿಂತ ಮೇಲೆ ಚೀಟಿಗಳಿಗೆ ಬಣ್ಣ ಹಾಕುತ್ತೇನೆ. ಈಗ ಇಲ್ಲಿನ ತೇವಕ್ಕೆ ಬಣ್ಣ ಒಣಗುವುದೇ ಇಲ್ಲ. ಅಲ್ಲಿಯವರೆಗೆ ಬಂದ ಪದಗಳನ್ನೆಲ್ಲ ಒಟ್ಟುಮಾಡಿ ಇಲ್ಲೇ ಹಾಕುತ್ತೇನೆ.