ಥ್ರೆಡ್ ಮೈಕ್ರೋಮೀಟರ್ ಓಕೆ, ಗೋ ರಿಂಗ್ ಮಾತ್ರ ಹೋಗ್ತಿಲ್ಲ: ಯಾವುದನ್ನ ನಂಬೋದು?

ಪ್ರಶ್ನೆ: ಸಿಎನ್‌ಸಿಯಲ್ಲಿ ಎಂ12×1.75 ಸ್ಟಡ್ (12 ಮಿ.ಮೀ. ಡಯಾ, ಹಲ್ಲಿಂದ ಹಲ್ಲಿಗೆ ಅಂತರ ಅಂದ್ರೆ ಪಿಚ್ 1.75 ಮಿ.ಮೀ.), ಟಾಲರೆನ್ಸ್ 6ಜಿ (ಸಣ್ಣಕ್ಷರದ g). ಪಿಚ್ ಡಯಾ (ಹಲ್ಲು, ಸಂದಿ ಸಮ ಅಗಲ ಇರೋ ಕಡೆಯ ಡಯಾ) ಲಿಮಿಟ್ 10.679–10.829 ಮಿ.ಮೀ., ಥ್ರೆಡ್ ಮೈಕ್ರೋಮೀಟರ್‌ನಲ್ಲಿ 10.80 ಬರುತ್ತೆ. ಆದ್ರೂ ಗೋ ರಿಂಗ್ (ಸರಿ ಇರೋ ಥ್ರೆಡ್ ಮೇಲೆ ಪೂರ್ತಿ ಹೋಗಬೇಕಾದ ರಿಂಗ್ ಗೇಜ್) ನಾಲ್ಕೈದು ಸುತ್ತು ಹೋಗಿ ಬಿಗಿಯಾಗುತ್ತೆ. ತ್ರೀ ವೈರ್ ಸೆಟ್ (ಹಲ್ಲಿನ ಸಂದಿಯಲ್ಲಿ ಮೂರು ತಂತಿ ಇಟ್ಟು ಅಳೆಯೋದು) ತಗೊಂಡ್ರೆ ಸರಿಹೋಗುತ್ತಾ?

ಉತ್ತರ: ಎರಡೂ ನಿಜಾನೇ ಹೇಳ್ತಿವೆ ಸರ್. ಮೈಕ್ರೋಮೀಟರ್ ನೋಡೋದು ಒಂದೇ ಹಲ್ಲಿನ ಹತ್ತಿರ. ರಿಂಗ್ ತನ್ನ ಉದ್ದಕ್ಕೆ ಸಿಕ್ಕ ಹಲ್ಲುಗಳನ್ನೆಲ್ಲ ಒಟ್ಟಿಗೆ ನೋಡುತ್ತೆ. 60 ಡಿಗ್ರಿ ಥ್ರೆಡ್‌ನಲ್ಲಿ ಪಿಚ್ ಎಷ್ಟು ತಪ್ಪಿದೆಯೋ ಅದರ 1.732 ಪಟ್ಟು ಪಿಚ್ ಡಯಾ ಹೆಚ್ಚಾದಂತೆ ರಿಂಗಿಗೆ ಅನ್ನಿಸುತ್ತೆ. ನಿಮಗೆ ಉಳಿದಿರೋ ಜಾಗ (10.829ರಲ್ಲಿ 10.80 ಕಳೆದ್ರೆ) 29 ಮೈಕ್ರಾನ್. ರಿಂಗಿನ ಉದ್ದದಲ್ಲಿ ಪಿಚ್ ಒಟ್ಟು 17 ಮೈಕ್ರಾನ್ ತಪ್ಪಿದ್ರೆ ಅಷ್ಟೂ ಖಾಲಿ. ಮೊದಲು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗೋದು ಇದರದೇ ಲಕ್ಷಣ. ಬರ್ (ಅಂಚಲ್ಲಿ ಉಳಿದ ಚೂಪು ಲೋಹ) ಇದ್ದಿದ್ರೆ ಮೊದಲ ಸುತ್ತಿಗೇ ಹಿಡೀತಿತ್ತು.

ಪ್ರೋಗ್ರಾಂ ನೋಡಿ. ಥ್ರೆಡಿಂಗ್‌ಗೆ ಜಿ97 (ಆರ್‌ಪಿಎಂ ಒಂದೇ ಇರೋದು) ಇರಬೇಕು, ಜಿ96 (ಡಯಾ ನೋಡಿ ಆರ್‌ಪಿಎಂ ಬದಲಾಗೋದು) ಅಲ್ಲ. ಟೂಲ್ ಜಾಬ್‌ಗೆ ತಾಗೋ ಮುಂಚೆ ಎರಡು–ಮೂರು ಪಿಚ್ ಓಡೋಕೆ ಜಾಗ ಬಿಡಿ, ಇಲ್ಲಾಂದ್ರೆ ಸ್ಲೈಡ್ ವೇಗ ಹಿಡಿಯೋದ್ರೊಳಗೆ ಮೊದಲ ಹಲ್ಲುಗಳ ಪಿಚ್ ಕೆಟ್ಟಿರುತ್ತೆ. ಪಾಸ್‌ಗಳ ಮಧ್ಯೆ ಆರ್‌ಪಿಎಂ ಮುಟ್ಟಬೇಡಿ.

ಉತ್ತರ: ತ್ರೀ ವೈರ್ ಕೂಡ ಪಿಚ್ ತಪ್ಪನ್ನ ಹಿಡಿಯಲ್ಲ, ಅದಕ್ಕೋಸ್ಕರ ದುಡ್ಡು ಹಾಕಬೇಡಿ. ಆದ್ರೆ ಮೈಕ್ರೋಮೀಟರ್ ಮೇಲೇ ಅನುಮಾನ ಇದ್ರೆ ಅದನ್ನ ತಾಳೆ ನೋಡೋಕೆ ವೈರೇ ಒಳ್ಳೇದು. ಬೆಸ್ಟ್ ವೈರ್ ಅಂದ್ರೆ ಪಿಚ್‌ನ 0.577 ಪಟ್ಟು, ಇಲ್ಲಿ 1.010 ಮಿ.ಮೀ. ಒಂದು ಕಡೆ ಹಲ್ಲಿನ ಅಕ್ಕಪಕ್ಕದ ಸಂದಿಗಳಲ್ಲಿ ಎರಡು ವೈರ್, ಎದುರಿಗೆ ಒಂದು. ಬೀಳದ ಹಾಗೆ ಸ್ವಲ್ಪ ಗ್ರೀಸ್ ಸಾಕು. ಬಂದ ರೀಡಿಂಗ್‌ನಲ್ಲಿ ಮೂರು ವೈರ್ ಡಯಾ ಕಳೆದು, ಪಿಚ್‌ನ 0.866 ಪಟ್ಟು ಕೂಡಿಸಿ. ಈ ವೈರ್‌ಗೆ ಲೆಕ್ಕ ಸುಲಭ: 1.514 ಕಳೆದ್ರೆ ಪಿಚ್ ಡಯಾ. ಅಂದ್ರೆ ವೈರ್ ಮೇಲೆ 12.193ರಿಂದ 12.343 ಬರಬೇಕು. ವೈರ್ ಸೈಜ್ 1 ಮೈಕ್ರಾನ್ ತಪ್ಪಿದ್ರೆ ಉತ್ತರ 3 ಮೈಕ್ರಾನ್ ತಪ್ಪುತ್ತೆ. ಹಾಗಾಗಿ ಡ್ರಿಲ್ ಶ್ಯಾಂಕ್ ಇಟ್ಟು ಅಳೆಯೋ ಜುಗಾಡ್ ಬೇಡ.

ಉತ್ತರ: ಮೈಕ್ರೋಮೀಟರ್‌ದು ಆನ್ವಿಲ್ (ಥ್ರೆಡ್‌ಗೆ ತಾಗೋ ತುದಿ) ಜೋಡಿ 1.75 ಪಿಚ್ ರೇಂಜಿನದೇನಾ? ಬೇರೆ ಜೋಡಿ ಹಾಕಿದ್ರೆ ಕೋನ್ ಫ್ಲ್ಯಾಂಕ್ (ಹಲ್ಲಿನ ಓರೆ ಬದಿ) ಬಿಟ್ಟು ತಳಕ್ಕೆ ತಾಗಬಹುದು. ಆನ್ವಿಲ್ ಬದಲಿಸಿದಾಗೆಲ್ಲ ಝೀರೋ ಮತ್ತೆ ಮಾಡಲೇಬೇಕು. ಎಂ12 ಸೆಟ್ಟಿಂಗ್ ಪ್ಲಗ್ ಇದ್ರೆ ಅದರಲ್ಲೇ ಸೆಟ್ ಮಾಡಿ. ಇನ್ನೊಂದು, ಮೂರು ಜಾ ಚಕ್‌ನಲ್ಲಿ ಬಿಗಿ ಜಾಸ್ತಿಯಾಗಿ ಜಾಬ್ ಮೂರು ಮೂಲೆ ಆಗಿದ್ರೆ ಎರಡು ಕಡೆ ಹಿಡಿದು ಅಳೆಯೋ ಯಾವ ಮೈಕ್ರೋಮೀಟರಿಗೂ ಅದು ಕಾಣಲ್ಲ, ರಿಂಗಿಗೆ ಮಾತ್ರ ಗೊತ್ತಾಗುತ್ತೆ.

ಪ್ರಶ್ನೆ: ಆನ್ವಿಲ್ ಸರಿ ಇದೆ. ಅಂದಹಾಗೆ ಇದು ಝಿಂಕ್ ಪ್ಲೇಟಿಂಗ್ ಆಗಿ ಬಂದ ಲಾಟ್, 8 ಮೈಕ್ರಾನ್.

ಉತ್ತರ: ಇದನ್ನ ಮೊದಲೇ ಹೇಳಬೇಕಿತ್ತು! ಪ್ಲೇಟಿಂಗ್ ದಪ್ಪದ ನಾಲ್ಕು ಪಟ್ಟು ಪಿಚ್ ಡಯಾ ಏರುತ್ತೆ, ಅಂದ್ರೆ 32 ಮೈಕ್ರಾನ್. 10.80 ಅಳೆದದ್ದು ಪ್ಲೇಟಿಂಗ್‌ಗೆ ಮುಂಚೆ ಆಗಿದ್ರೆ ಈಗ 10.832, 6ಜಿ ರಿಂಗ್ ಹೋಗದೇ ಇರೋದು ಸಹಜ. ಡ್ರಾಯಿಂಗ್‌ನಲ್ಲಿ ಬೇರೆ ಏನೂ ಬರೆದಿಲ್ಲಾಂದ್ರೆ ಪ್ಲೇಟಿಂಗ್ ಆದ ಮೇಲೆ ಮಿತಿ 10.863, ಚೆಕ್ ಮಾಡಬೇಕಾದ್ದು 6ಎಚ್ (ಸಣ್ಣಕ್ಷರದ h) ಗೋ ರಿಂಗ್‌ನಲ್ಲಿ. ಅದೂ ಹೋಗದಿದ್ರೆ ಆಗ ಪಿಚ್ ಕಡೆ ತಿರುಗಿ.