ಗುಡ್ಡದ ಮೇಲಿಂದ ಸಮುದ್ರ ಕಾಣೋ ಮನೆ ಬೇಕು, ಅವ್ವನಿಗೆ ಮಂಡಿನೋವು

ಪ್ರಶ್ನೆ (ಸಕಲೇಶಪುರ): ಕಾಫಿ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಅವ್ವನ್ನ ಗೋಕರ್ಣಕ್ಕೆ ಕರ್ಕೊಂಡು ಹೋಗ್ತಿದ್ದೀನಿ. ಅವ್ವನಿಗೆ 72 ವರ್ಷ, ಇನ್ನೂ ಸಮುದ್ರ ನೋಡಿಲ್ಲ. ಗದ್ದಲ ಬೇಡ. ಜಗಲಿಯಲ್ಲಿ ಕೂತ್ರೆ ಕಡಲು ಕಾಣ್ಬೇಕು, ಅಷ್ಟೆ. ಎಲ್ಲಿ ಉಳಿಯೋದು?

ಉತ್ತರ (ಹಾಸನ): ನಾವು ಕುಡ್ಲೆ ಬೀಚಿನ ಮೇಲಿನ ಗುಡ್ಡದಲ್ಲಿ ಎರಡು ರಾತ್ರಿ ಇದ್ವಿ. ಬೆಳಿಗ್ಗೆ ಅಲೆ ಸದ್ದು ಬಿಟ್ರೆ ಏನೂ ಕೇಳಲ್ಲ. ನನ್ನ ಹೆಂಡ್ತಿ ಕಾಫಿ ಲೋಟ ಹಿಡ್ಕೊಂಡು ಒಂದು ಗಂಟೆ ಮಾತೇ ಆಡ್ಲಿಲ್ಲ. ಆದ್ರೆ ರೂಮಿಗೆ ಕಲ್ಲಿನ ಮೆಟ್ಟಿಲು ಇಳೀಬೇಕಿತ್ತು, ಕೈಹಿಡಿ ಇರ್ಲಿಲ್ಲ. ಫೋಟೋ ನೋಡಿ ದುಡ್ಡು ಕಟ್ಬೇಡಿ. ‘ಗಾಡಿ ಬಾಗಿಲ ತನಕ ಬರುತ್ತಾ, ಎಷ್ಟು ಮೆಟ್ಟಿಲು’ ಅಂತ ಫೋನಲ್ಲೇ ಕೇಳಿ. ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ನಿಮ್ಮೂರಲ್ಲೇ ಸಿಗುತ್ತೆ, ಬೆಳಿಗ್ಗೆ ಗೋಕರ್ಣ ರೋಡ್ ಸ್ಟೇಷನ್ನಲ್ಲಿ ಇಳಿಸುತ್ತೆ. ಕೆಳಗಿನ ಬರ್ತ್ ಮೊದಲೇ ಮಾಡ್ಸಿ.

ಉತ್ತರ (ಮೂಡಿಗೆರೆ): ಅಮ್ಮನಿಗೆ ಮಂಡಿನೋವು ಅಂದ್ರೆ ಬೈಂದೂರಿನ ಒತ್ತಿನೆಣೆಯನ್ನೂ ನೋಡಿ ಅಣ್ಣ. ಹೆದ್ದಾರಿ 66ರ ಪಕ್ಕದ ಗುಡ್ಡ, ಕೆಳಗೆ ಸೋಮೇಶ್ವರ ಕಡಲತೀರ. ಸೂರ್ಯ ಮುಳುಗೋದು ಎದುರಿಗೇ. ಕಾರಲ್ಲಿ ಹೋದ್ರೆ ಮರವಂತೆಯಲ್ಲಿ ನಿಲ್ಸಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದ. ಹಾಗಾದ್ರೆ ಕಾರೇ ಸರಿ. ಮೊದಲು ಬೈಂದೂರು, ಆಮೇಲೆ ಗೋಕರ್ಣ. ಮರವಂತೆ ಹತ್ರ ಬಂದಾಗ ಅವ್ವನ್ನ ಮುಂದಿನ ಸೀಟಿಗೆ ಕೂರಿಸ್ತೀನಿ.