ಪದಚರ್ಚೆ: ‘ಬ್ರೇಕ್ ಹಿಡಿದಿದೆ’ – ಗ್ಯಾರೇಜ್ ಫಲಕಕ್ಕೆ, ತುರ್ತು

ಹುಬ್ಬಳ್ಳಿಯಿಂದ:
ಗೋಕುಲ ರಸ್ತೆಯ ಗ್ಯಾರೇಜೊಂದಕ್ಕೆ ಫಲಕ ಬರೆದುಕೊಡಬೇಕು. ಸಂಜೆಗೆ ಪೇಂಟರ್ ಬರುತ್ತಾರೆ. ಪೆಡಲ್ ಬಿಟ್ಟ ಮೇಲೂ ಪ್ಯಾಡು ಗಾಲಿಯ ಜೊತೆ ತಿರುಗುವ ಡಿಸ್ಕಿಗೆ ಉಜ್ಜುತ್ತಲೇ ಇದ್ದರೆ ‘ಬ್ರೇಕ್ ಹಿಡಿದಿದೆ’ ಅನ್ನಬಹುದೇ? ‘ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ’ ಅಂದರೆ ಸರಿಯಿದೆ ಅಂತಲೂ ಆಗುತ್ತದಲ್ಲ. ‘ಎಸ್ಟಿಮೇಟ್’ಗೂ ಒಂದು ಪದ ಬೇಕು.

ಧಾರವಾಡದಿಂದ:
ಮೊದಲು ‘ಬ್ರೇಕ್’ ತೆಗೆಯಿರಿ. ‘ಬಿರಿ’ ಅನ್ನಿ, ನಿಮ್ಮ ದೋಷಕ್ಕೆ ‘ಬಿರಿಬಿಗಿತ’. ಎಸ್ಟಿಮೇಟಿಗೆ ಅಂದಾಜು, ರಿಪೇರಿಗೆ ದುರಸ್ತಿ. ಅಚ್ಚಗನ್ನಡವಿರುವಾಗ ಎರವಲು ಯಾಕೆ?

ಗದಗದಿಂದ:
ಅಂದಾಜು, ದುರಸ್ತಿ ಎರಡೂ ಪಾರಸಿ. ಅಚ್ಚಗನ್ನಡದ ಮಾತು ಅಲ್ಲಿಗೆ ಮುಗಿಯಿತು. ‘ಬಿರಿ’ಯಂತೂ ಬೇಡವೇ ಬೇಡ. ಬಿರಿಯುವುದೆಂದರೆ ಸೀಳುವುದು. ಡಿಸ್ಕು ಕಾದು ಕಾದು ನಿಜವಾಗಿಯೂ ಬಿರಿಯುತ್ತದೆ, ಆಗ ಬದಲಿಸಲೇಬೇಕು. ಫಲಕ ಓದಿದವರು ಯಾವುದೆಂದು ತಿಳಿಯಬೇಕು?

ಪದ ತಪ್ಪಿದರೆ ಬಿಲ್ಲೂ ತಪ್ಪುತ್ತದೆ. ಗಿರಾಕಿ ‘ಹಿಡಿದಿದೆ’ ಅಂದರೆ ಕೆಲವು ಕಡೆ ನೇರ ಕ್ಯಾಲಿಪರ್ ಅಸೆಂಬ್ಲಿಯನ್ನೇ, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಇಡೀ ಭಾಗವನ್ನೇ, ಬದಲಿಸಬೇಕೆಂದು ಬರೆದುಬಿಡುತ್ತಾರೆ. ಮೊದಲು ಜಾಕ್ ಏರಿಸಿ ಗಾಲಿ ಕೈಯಿಂದ ತಿರುಗಿಸಬೇಕು. ಬಿಗಿಯಾಗಿದ್ದರೆ ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ತಿರುಪು) ತುಸು ಸಡಿಲಿಸಬೇಕು. ಗಾಲಿ ಆಗ ಸಲೀಸಾಗಿ ತಿರುಗಿತೋ, ಒಳಗೆ ಒತ್ತಡ ಉಳಿದಿದೆ: ಹೋಸ್ ಪೈಪು ಒಳಗೇ ಉಬ್ಬಿರಬಹುದು, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ದೂಡುವ ಮಾಸ್ಟರ್ ಸಿಲಿಂಡರ್ ದೋಷ. ತಿರುಗದಿದ್ದರೆ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಅಥವಾ ಪ್ಯಾಡನ್ನು ದೂಡುವ ಪಿಸ್ಟನ್ ಸಿಕ್ಕಿಕೊಂಡಿದೆ. ಪಿನ್ ಆದರೆ ತೆಗೆದು ಒರೆಸಿ, ಬ್ರೇಕಿನದೇ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬೂಟ್ ಬದಲಿಸಿದರೆ ಸಾಕು. ಎಂಜಿನ್ ಆಯಿಲ್ಲಾಗಲಿ ಸಾದಾ ಗ್ರೀಸಾಗಲಿ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಕಚ್ಚುತ್ತದೆ. ನಿಪ್ಪಲ್ ಬಿಚ್ಚಿದ ಮೇಲೆ ಒಳಗೆ ಸೇರಿದ ಏರ್ ತೆಗೆಯದೆ ಗಾಡಿ ಹೊರಡಿಸಬಾರದು.

ಹಾವೇರಿಯಿಂದ:
ಇಷ್ಟು ದೂರ ಯಾಕ್ರೀ? ನಮ್ಮ ಕಡೆ ಮಾತೇ ಐತಲ್ಲ: ಬ್ರೇಕ್ ಬಿಡವಲ್ದು. ಬ್ರೇಕ್ ಬೀಳದಿದ್ದರ ಹಿಡಿಯವಲ್ದು. ಎರಡೂ ಬೇರೆ ಬೇರೆ ದೋಷ, ಕೇಳಿದವರಿಗೆ ಗೊಂದಲಿಲ್ಲ.

ಧಾರವಾಡದಿಂದ:
‘ವಲ್ದು’ ಬಂದದ್ದು ‘ಒಲ್ಲದು’ವಿನಿಂದ. ಮನಸ್ಸಿದ್ದವರು ಒಲ್ಲೆ ಅಂತಾರೆ. ಬ್ರೇಕಿಗೆಲ್ಲಿ ಮನಸ್ಸು?

ಹಾವೇರಿಯಿಂದ:
‘ಮಳಿ ನಿಲ್ಲವಲ್ದು’ ಅಂತೀವಿ. ಮಳಿಗೂ ಮನಸ್ಸಿಲ್ಲ. ಬಳಕೆ ಹಂಗೈತಿ, ಮುಗೀತು.

ಗದಗದಿಂದ:
ಒಪ್ಪಿದೆ. ಎಸ್ಟಿಮೇಟ್ ಹಾಗೇ ಇರಲಿ, ಎಲ್ಲರ ಬಾಯಲ್ಲೂ ಅದೇ ಇದೆ. ಅದರ ಕೆಳಗೆ ಒಂದು ಸಾಲು ಸೇರಿಸಿ: ‘ತೆಗೆದ ಹಳೇ ಸಾಮಾನು ಗಿರಾಕಿಗೆ ತೋರಿಸಲಾಗುವುದು.’ ಪ್ಯಾಡಿನ ಉಜ್ಜುವ ಪದರ 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಲಿ, ಅದೂ ಎಡ-ಬಲ ಎರಡೂ ಗಾಲಿಗೆ ಒಟ್ಟಿಗೆ. ಡಿಸ್ಕ್ ಬದಲಿಸಬೇಕೆಂದರೆ ಇರಬೇಕಾದ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತದೆ. ಮೈಕ್ರೋಮೀಟರ್ ಹಿಡಿದು ಅಳೆದ ಅಂಕಿಯನ್ನು ಎಸ್ಟಿಮೇಟಿನಲ್ಲಿ ಬರೆಯಲಿ.

ಹುಬ್ಬಳ್ಳಿಯಿಂದ:
‘ಬಿಡವಲ್ದು’, ‘ಹಿಡಿಯವಲ್ದು’ ಎರಡನ್ನೂ ಬರೆಸುತ್ತೇನೆ. ಹಳೇ ಸಾಮಾನಿನ ಸಾಲನ್ನು ದಪ್ಪಕ್ಷರದಲ್ಲಿ.